ಗುಬ್ಬಿ ಎಂಬ ಫೋರ್ಸೆಪ್ಸ್

ಫೆಬ್ರವರಿ 12, ಮಂಗಳವಾರ

ಬೆಳಿಗ್ಗೆಯಿಂದ ಎರಡನೇ ಆಪರೇಷನ್ ಥಿಯೇಟರಿನ ಸಾಮಾನೇ. ಯಾರೋ ನೆನೆಹಾಕದೆ ಹಾಗೇ ಕಳಿಸಿದ್ದಾರೆ. ಕೀಲಿನ ಸಂದಿಯಲ್ಲಿ ಒಣಗಿದ ರಕ್ತ ಬೇಗ ಬಿಡುವುದಿಲ್ಲ. ಸಣ್ಣ ಬ್ರಷ್ಷು ಹಿಡಿದು ಒಂದೊಂದನ್ನೇ ತೆರೆದು ಉಜ್ಜಿದೆ. ಗ್ಲೌಸಿನೊಳಗೆ ಕೈ ಸುಕ್ಕಾಗಿ ಮುದುಕಿಯ ಕೈ ಆಗಿದೆ. ರಜೆ ಮುಗಿಸಿ ಬಂದ ಮೇಲೆ ಇದೇ ವಾಸಿ ಅನಿಸುತ್ತಿದೆ. ಕೈಗೆ ಕೆಲಸ, ಬಾಯಿಗೆ ಬೀಗ.

ತೊಳೆಯುವ ಕೋಣೆಗೂ ಥಿಯೇಟರಿಗೂ ನಡುವೆ ಒಂದು ಸಣ್ಣ ಕಿಟಕಿ. ಕೊಳೆಯಾದ ಸಾಮಾನು ಅಲ್ಲಿಂದ ಬರುತ್ತದೆ. ಮಾತೂ ಬರುತ್ತದೆ. ಆಪರೇಷನ್ ಶುರು ಮಾಡುವ ಮುಂಚೆ ಒಂದು ಸಲ, ಹೊಲಿಗೆ ಹಾಕುವ ಮುಂಚೆ ಒಂದು ಸಲ, ಟ್ರೇಯಲ್ಲಿ ಇರುವುದನ್ನೆಲ್ಲ ಗಟ್ಟಿಯಾಗಿ ಎಣಿಸುತ್ತಾರೆ. ಒಬ್ಬಳು ಹೆಸರು ಕೂಗಬೇಕು, ಇನ್ನೊಬ್ಬಳು ಮುಟ್ಟಿ ನೋಡಿ "ಇದೆ" ಅನ್ನಬೇಕು. ಹೊಟ್ಟೆಯೊಳಗೆ ಏನೂ ಉಳಿಯಬಾರದಲ್ಲ.

"ಆಲಿಸ್ ಆರು."

"ಇದೆ."

"ಬ್ಯಾಬ್‌ಕಾಕ್ ನಾಲ್ಕು."

"ಇದೆ."

"ಗುಬ್ಬಿ ಒಂದು."

ನಲ್ಲಿ ನಿಲ್ಲಿಸಿದೆ.

"ಇದೆ."

ಗುಬ್ಬಿ ನನ್ನ ತಂಗಿ. ಡಿಸೆಂಬರಿನಲ್ಲಿ ಹೋದಳು. ಒಂದು ವಾರದ ಜ್ವರ, ಅಷ್ಟೇ. ಅದೇ ಥಿಯೇಟರಿನಲ್ಲಿ ಸಿಸ್ಟರ್ ಆಗಿದ್ದಳು — ಡಾಕ್ಟರು ಕೈ ಚಾಚಿದಾಗ ಬೇಕಾದ್ದನ್ನು ಕೈಗಿಡುವವಳು. ನಾನು ತೊಳೆಯುವವಳು. ಮನೆಯಲ್ಲಿ ಕರೆಯುವ ಹೆಸರನ್ನು ಆ ಕಿಟಕಿಯಲ್ಲಿ ಕರೆದೂ ಕರೆದೂ ಎಲ್ಲರ ಬಾಯಿಗೆ ಹತ್ತಿಸಿದವಳು ನಾನೇ. ಟ್ರೇಯಲ್ಲಿರುವುದು ಅವಳ ಹೆಸರಿನ ಫೋರ್ಸೆಪ್ಸ್. ಉದ್ದನೆಯದು, ಒಳಗಿನದನ್ನು ಎತ್ತಿ ಹಿಡಿಯುವಂಥದ್ದು. ಬೆರಳು ತೂರಿಸುವ ಬಳೆಗೆ ಹಸಿರು ಟೇಪು ಸುತ್ತಿದೆ.

ಸಂಜೆ ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ಇದ್ದಳು.

"ಇವತ್ತು ಕರೆದರಾ?"

"ಕರೆದರು."

"ಇದೆ ಅಂದರಾ?"

"ಅಂದರು."

ಚಪ್ಪಲಿ ಬಿಡಲು ಜಾಗ ಬಿಟ್ಟಳು.


ಫೆಬ್ರವರಿ 14

ಗುಬ್ಬಿ ಆ ಹೆಸರಿನ ಸುದ್ದಿ ತಂದ ಸಂಜೆ ನೆನಪಾಗುತ್ತಿದೆ. ಬಂದವಳೇ ಕೈ ತೊಳೆದಳು. ತುಂಬ ಹೊತ್ತು ತೊಳೆದಳು. ಅಮ್ಮ ಒಳಗಿಂದ, "ಚರ್ಮ ಕಿತ್ತು ಬರುತ್ತೆ ಕಣೇ, ಸಾಕು" ಅಂದಳು. ಆಮೇಲೆ ತನಗೆ ಸೆರಗಿಲ್ಲದ್ದಕ್ಕೆ ಕೈ ಒರೆಸಲು ಅಮ್ಮನ ಬೆನ್ನಿಗೇ ಕೈ ಒತ್ತಿ ನಿಂತು, "ಅಕ್ಕಾ, ನಮ್ಮ ಟ್ರೇಯಲ್ಲಿ ನನ್ನ ಹೆಸರಿನ ಫೋರ್ಸೆಪ್ಸ್ ಒಂದು ಇದೆ ಇವತ್ತಿಂದ" ಅಂದಳು.

ಅಮ್ಮನಿಗೆ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಹೆಸರಿಟ್ಟದ್ದು ದೊಡ್ಡ ಸರ್ ಅಂತೆ, ಅವಳ ಥಿಯೇಟರಿನ ಹಿರಿಯ ಸರ್ಜನ್. ಸಾಮಾನಿಗೆಲ್ಲ ಡಾಕ್ಟರುಗಳ ಹೆಸರು. ಯಾರು ಮೊದಲು ಮಾಡಿಸಿದರೋ ಅವರದ್ದು. ಎಲ್ಲ ಹೊರದೇಶದ ಗಂಡಸರು, ಎಲ್ಲರೂ ಸತ್ತು ಎಷ್ಟೋ ಕಾಲವಾಯಿತು.

"ಆಲಿಸ್ ಅಂತ ಒಂದಿದೆಯಲ್ಲೇ, ಅದು ಹೆಂಗಸಲ್ವಾ?" ಅಂದೆ.

"ಅದೂ ಗಂಡಸೇ ಅಕ್ಕ. ಆ ಟ್ರೇಯಲ್ಲಿ ಹೆಂಗಸು ಅಂತ ಇರೋದು ನಾನೊಬ್ಬಳೇ."

ಅಮ್ಮ ಅವತ್ತು ಬೀದಿಯಲ್ಲಿ ಯಾರನ್ನೂ ಬಿಡಲಿಲ್ಲ. ಇಸ್ತ್ರಿ ಅಂಗಡಿಯವನಿಗೂ ಹೇಳಿದಳು. ಅವನು, "ಡಾಕ್ಟರಾದರಾ ಹಾಗಾದರೆ?" ಅಂದನಂತೆ. "ಡಾಕ್ಟರು ಬರ್ತಾರೆ ಹೋಗ್ತಾರೆ, ಹೆಸರು ಇರುತ್ತೆ" ಅಂದಳಂತೆ ಅಮ್ಮ.

ಆಗೆಲ್ಲ "ಗುಬ್ಬಿ ಒಂದು" ಅಂದ ಕೂಡಲೇ ಥಿಯೇಟರಿನಲ್ಲಿ ನಗು ಏಳುತ್ತಿತ್ತು. ಕಿಟಕಿಯಲ್ಲಿ ಕೇಳಿಸುತ್ತಿತ್ತು. ಎಷ್ಟು ಅಕ್ಕರೆ ಅವಳ ಮೇಲೆ ಅಂದುಕೊಳ್ಳುತ್ತಿದ್ದೆ. ಈಚೆ ಸೋಪಿನ ನೀರಿನಲ್ಲಿ ಕೈ ಇಟ್ಟುಕೊಂಡು ನಾನೂ ನಗುತ್ತಿದ್ದೆ.

ಇನ್ನೊಂದು. ಆ ಫೋರ್ಸೆಪ್ಸಿಗೆ ರಕ್ತ ತಾಗುವುದೇ ಇಲ್ಲ. ಯಾವ ಆಪರೇಷನ್ ಆದರೂ ಟ್ರೇಯ ಬಲಗಡೆ ಕೊನೆಯಲ್ಲಿ ಇಟ್ಟದ್ದು ಇಟ್ಟ ಹಾಗೇ ವಾಪಸು ಬರುತ್ತದೆ. ಆದರೂ ತೊಳೆಯಬೇಕು, ತೊಳೆಯುತ್ತೇನೆ. ಮರ್ಯಾದೆಗೆ ಇಟ್ಟಿದ್ದಾರೆ, ಬಳಸುವುದಿಲ್ಲ. ಯಾವಾಗಲೂ ಎಲ್ಲಕ್ಕಿಂತ ಕೊನೆಗೆ ಅದನ್ನೇ ತೊಳೆಯುವುದು. ನೀರು ಬದಲಿಸಿ.


ಫೆಬ್ರವರಿ 20, ಬುಧವಾರ

ಮಧ್ಯಾಹ್ನ ಎಲ್ಲರಿಗೂ ಕ್ಲಾಸು. ಹೊರಗಿನಿಂದ ಒಬ್ಬ ಸರ್ ಬಂದಿದ್ದರು. ತೊಳೆಯುವವರು, ಪ್ಯಾಕ್ ಮಾಡುವವರು, ಹೊಸ ಸಿಸ್ಟರುಗಳು, ಸ್ಟ್ರೆಚರ್ ಅಣ್ಣ, ಎಲ್ಲರೂ ಒಂದೇ ಕೋಣೆಯಲ್ಲಿ. ಸ್ಟ್ರೆಚರ್ ಅಣ್ಣ ಅಂದರೆ ರೋಗಿಗಳನ್ನು ಥಿಯೇಟರಿಗೆ ತಳ್ಳಿಕೊಂಡು ಹೋಗುವವನು. ನನಗಿಂತ ದೊಡ್ಡವನೇನಲ್ಲ. ಆದರೂ ನನ್ನನ್ನು ಅಕ್ಕ ಅನ್ನುತ್ತಾನೆ, ನಾನು ಅವನನ್ನು ಅಣ್ಣ ಅನ್ನುತ್ತೇನೆ. ಲೆಕ್ಕ ಸರಿಹೋಗಿದೆ.

ಸರ್ ಚೆನ್ನಾಗಿ ಹೇಳಿದರು. ಒಂದು ಫೋರ್ಸೆಪ್ಸ್ ಎತ್ತಿ ಹಿಡಿದು ಕೇಳಿದರು.

"ಇದಕ್ಕೆ ಈ ಹೆಸರು ಯಾಕೆ ಬಂತು, ಯಾರಿಗಾದ್ರೂ ಗೊತ್ತಾ?"

ಫೋರ್ಸ್ ಹಾಕಿ ಹಿಡಿಯುವುದಕ್ಕೆ ಅಂದಳು ಒಬ್ಬ ಹುಡುಗಿ.

"ಎಲ್ಲರೂ ಹಾಗೇ ಅಂದ್ಕೋತಾರೆ. ಅಲ್ಲ. ಇದು ಲ್ಯಾಟಿನ್. ಬಿಸಿ ಅನ್ನೋ ಮಾತು ಒಂದು, ಹಿಡಿ ಅನ್ನೋ ಮಾತು ಒಂದು, ಎರಡೂ ಸೇರಿ ಇದಾಯ್ತು ಅಂತ ತಿಳಿದವರು ಹೇಳ್ತಾರೆ. ಕಮ್ಮಾರನ ಇಕ್ಕಳ ನೋಡಿದೀರಲ್ಲ? ಅದು. ಕಾದ ಕಬ್ಬಿಣನ ಬರೀ ಕೈಯಲ್ಲಿ ಹಿಡಿಯೋಕಾಗುತ್ತಾ? ಅಲ್ಲಿಂದ ಡಾಕ್ಟರ ಕೈಗೆ ಬಂತು."

"ನಮ್ಮ ಥಿಯೇಟರಲ್ಲಿ ಕಾದಿರೋದು ಅಂದ್ರೆ ದೊಡ್ಡ ಸರ್ ತಲೆ ಒಂದೇ ಸರ್" ಅಂದ ಸ್ಟ್ರೆಚರ್ ಅಣ್ಣ. "ಅದನ್ನ ಹಿಡಿಯೋಕೆ ಯಾವ ಸೈಜಿಂದು ಬೇಕು?"

ಎಲ್ಲರೂ ನಕ್ಕರು. ಕ್ಲಾಸಿನ ಸರ್ ಕೂಡ. ಆಮೇಲೆ ಕೊಕರ್ ಯಾರು, ಬ್ಯಾಬ್‌ಕಾಕ್ ಯಾರು, ಸೊಳ್ಳೆ ಫೋರ್ಸೆಪ್ಸ್ ಅಂತ ಯಾಕೆ ಅನ್ನುತ್ತಾರೆ, ಎಲ್ಲ ಆಯಿತು. ಹೊಸ ಸಿಸ್ಟರ್ ಒಬ್ಬಳು ಕೈ ಎತ್ತಿದಳು.

"ಸರ್, ಗುಬ್ಬಿ?"

ಸರ್ ತರಿಸಿ ನೋಡಿದರು. ತಿರುಗಿಸಿ ನೋಡಿದರು.

"ತುದಿ ನೋಡಿ. ಗುಬ್ಬಿ ಕೊಕ್ಕಿನ ಹಾಗಿಲ್ವಾ? ಅದಕ್ಕೇ ಯಾರೋ ಹಾಗಂದಿರಬೇಕು."

ಹುಡುಗಿಯರೆಲ್ಲ ಬರೆದುಕೊಂಡರು. ಸ್ಟ್ರೆಚರ್ ಅಣ್ಣ ನನ್ನ ಕಡೆ ಒಮ್ಮೆ ನೋಡಿ ನೆಲ ನೋಡಿದ. ಹೇಳುವ ಹಾಗಿದ್ದರೆ ಏನು ಹೇಳುವುದು, ಯಾರಿಗೆ.

ಮನೆಯಲ್ಲಿ ಹೇಳಿದೆ. ಹೇಳಬಾರದಿತ್ತು.

"ಕೊಕ್ಕಂತೆ ಕೊಕ್ಕು" ಅಂದಳು ಅಮ್ಮ. "ಅವನ ಮೂಗು ನೋಡ್ಕೊಳ್ಳೋಕೆ ಹೇಳು. ನನ್ನ ಮಗಳು ಸತ್ತು ಮೂರು ತಿಂಗಳಾಗಿಲ್ಲ, ಆಗಲೇ ಹಕ್ಕಿ ಮಾಡಿಬಿಟ್ಟರಾ?"

ಅನ್ನ ಬಡಿಸಿ ತಾನು ಉಣ್ಣಲಿಲ್ಲ.


ಮಾರ್ಚ್ 1

ಇನ್‌ಚಾರ್ಜ್ ಸಿಸ್ಟರ್ ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದರು. ಆಸ್ಪತ್ರೆಗೆ ಹೊಸ ಮೆಷಿನ್ ಬಂದಿದೆ. ಇನ್ನು ಪ್ರತಿಯೊಂದು ಸಾಮಾನಿನ ಮೇಲೂ ಅದರ ಹೆಸರು ಸುಟ್ಟು ಬರೆಯುತ್ತಾರೆ. ಟೇಪು ಗೀಪು ಎಲ್ಲ ತೆಗೆಯಬೇಕು.

"ಕಂಪನಿಯವರು ಇಟ್ಟ ಹೆಸರು ಏನಿದೆಯೋ ಅದೇ. ಥಿಯೇಟರಲ್ಲಿ ನೀವು ನೀವೇ ಇಟ್ಕೊಂಡಿರೋ ಗುಬ್ಬಿ, ಕಾಗೆ ಎಲ್ಲ ಇನ್ಮೇಲೆ ಬೇಡ."

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವರು ಬಂದದ್ದು ಈ ವರ್ಷ. ಗುಬ್ಬಿಯನ್ನು ನೋಡಿಯೇ ಇಲ್ಲ.

ಅಮ್ಮನಿಗೆ ಇದನ್ನಾದರೂ ಮುಚ್ಚಿಡೋಣ ಅಂದುಕೊಂಡೆ. ಮುಖ ನೋಡಿಯೇ ಕಂಡುಹಿಡಿದಳು.

"ಹೋಗಿ ಕೇಳು."

"ಯಾರನ್ನಮ್ಮ?"

"ಯಾರು ಹೆಸರಿಟ್ಟರೋ ಅವರನ್ನ. ನಿಮ್ಮ ದೊಡ್ಡ ಸರ್‌ನ. ಹೋದವರ ಹೆಸರೆಲ್ಲ ಇರಬಹುದು, ಇವಳದ್ದು ಮಾತ್ರ ಬೇಡವಾ? ನೀನು ಕೇಳ್ತೀಯೋ, ನಾನೇ ಬರಲೋ?"

ಅಮ್ಮ ಬರುತ್ತಾಳೆ. ಬಂದೇ ಬಿಡುತ್ತಾಳೆ.


ಮಾರ್ಚ್ 5, ಮಂಗಳವಾರ

ದೊಡ್ಡ ಸರ್ ಕೋಣೆಯ ಹೊರಗೆ ತುಂಬ ಹೊತ್ತು ನಿಂತಿದ್ದೆ. ಕೈ ಒರೆಸಿಕೊಂಡೇ ಇದ್ದೆ, ಒದ್ದೆ ಇಲ್ಲದಿದ್ದರೂ. ಇಷ್ಟು ವರ್ಷದಲ್ಲಿ ಆ ಬಾಗಿಲು ತಟ್ಟಿದ್ದು ಇದೇ ಮೊದಲು. ಅವರ ಬೂಟು ಗೊತ್ತು, ದನಿ ಗೊತ್ತು. ಮುಖ ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

"ಏನಮ್ಮ?"

ಹೇಳಿದೆ. ಮಾತು ತಡವರಿಸಿತು.

"ಯಾವ ಗುಬ್ಬಿ?" ಅಂದರು. ಆಮೇಲೆ, "ಓ. ಗುಬ್ಬಿ." ನಗು ಬಂತು ಅವರಿಗೆ, ಬಾಯಿ ತೆರೆದರು. ನನ್ನ ಮುಖ ನೋಡಿ ಮುಚ್ಚಿದರು. "ನೀವು ಅವಳ..."

"ಅಕ್ಕ ಸರ್."

ಪೆನ್ನನ್ನು ಮೇಜಿನ ಮೇಲೆ ಉರುಳಿಸಿದರು. ಅದು ಅಂಚಿನ ತನಕ ಹೋಯಿತು. ಹಿಡಿದುಕೊಂಡರು.

"ಅವಳು ಮನೇಲಿ ಹೇಳಿದ್ಲಾ ಇದನ್ನ?"

"ಅವತ್ತೇ ಹೇಳಿದಳು ಸರ್. ಅಮ್ಮನಿಗೆ ತುಂಬ ಖುಷಿ. ಬೀದಿಗೆಲ್ಲ ಗೊತ್ತು. ನೀವೇ ಇಟ್ಟ ಹೆಸರಂತೆ."

ಕಿಟಕಿ ನೋಡಿದರು.

"ಆಯ್ತು. ಹಾಕಿಸೋಣ. ಇನ್‌ಚಾರ್ಜ್‌ಗೆ ನಾನೇ ಹೇಳ್ತೀನಿ."

ನಾನು ತಿರುಗಿ ಹೊರಡುವಾಗ ಎದ್ದು ನಿಂತರು. ನನ್ನಂಥವಳಿಗೆ. ಬಾಗಿಲನ್ನೂ ಅವರೇ ತೆರೆದರು.

ಎಷ್ಟು ದೊಡ್ಡ ಮನಸ್ಸು. ಸುಮ್ಮನೆ ಹೆದರಿದ್ದೆ. ಬಸ್ಸಿನಲ್ಲಿ ಅಳು ಬಂತು, ಪಕ್ಕದವರು ಜಾಗ ಬಿಟ್ಟು ಕೂತರು. ಅಮ್ಮ ಮಾತ್ರ ಅಳಲಿಲ್ಲ. "ಮತ್ತೆ?" ಅಂದಳು, ಬರಬೇಕಾದದ್ದು ಬಂತು ಅನ್ನುವ ಹಾಗೆ. ಇವತ್ತು ಉಂಡಳು.


ಮಾರ್ಚ್ 13

ಮೆಷಿನ್ನಿಗೆ ಕೊಡುವ ಮುಂಚೆ ಪ್ರತಿಯೊಂದನ್ನೂ ಪರೀಕ್ಷೆ ಮಾಡಬೇಕಂತೆ. ಅದು ಪ್ಯಾಕಿಂಗ್ ಕಡೆಯವರ ಕೆಲಸ. ಕೈ ಸಾಲದು ಅಂತ ನನ್ನನ್ನೂ ಆಚೆ ಮೇಜಿಗೆ ಕೂರಿಸಿದರು. ಕಲಿಸಿಕೊಟ್ಟರು. ಹಳೆಯ ಗ್ಲೌಸಿನ ತುಂಡನ್ನು ಫೋರ್ಸೆಪ್ಸಿನ ಬಾಯಲ್ಲಿ ಕಚ್ಚಿಸುವುದು. ಹಿಡಿಕೆಯ ಮೊದಲನೇ ಹಲ್ಲಿಗೆ ಮಾತ್ರ ಬಿಗಿಯುವುದು. ಆಮೇಲೆ ಹಿಡಿಕೆಯನ್ನು ಅಂಗೈಗೆ ಮೆಲ್ಲಗೆ ಬಡಿಯುವುದು. ಹಿಡಿದದ್ದು ಹಿಡಿದ ಹಾಗೇ ಇದ್ದರೆ ಒಳ್ಳೆಯದು. ಪಟ್ಟಂತ ಬಿಚ್ಚಿಕೊಂಡರೆ ಕೆಟ್ಟಿದೆ. ಕೆಂಪು ಟೇಪು ಸುತ್ತಿ ಕಂಡಮ್ ಡಬ್ಬಕ್ಕೆ, ಅಂದರೆ ಕೆಲಸಕ್ಕೆ ಬಾರದ ಸಾಮಾನಿನ ಡಬ್ಬಕ್ಕೆ.

ಬೆಳಿಗ್ಗೆಯೆಲ್ಲ ಕಚ್ಚಿಸಿದೆ, ಬಡಿದೆ. ಒಂದೆರಡು ಬಿಟ್ಟರೆ ಎಲ್ಲ ಗಟ್ಟಿ. ಗುಬ್ಬಿಯ ಸರದಿ ಬಂತು.

ಬಿಚ್ಚಿಕೊಂಡಿತು.

ನನ್ನ ಕೈ ಸರಿಯಿಲ್ಲವೇನೋ ಅಂತ ಇನ್ನೊಮ್ಮೆ. ಬಿಚ್ಚಿಕೊಂಡಿತು. ಗ್ಲೌಸಿನ ತುಂಡು ತೊಡೆಯ ಮೇಲೆ ಬಿತ್ತು. ಬಡಿಯುವುದೂ ಬೇಡ, ಸ್ವಲ್ಪ ಅಲ್ಲಾಡಿಸಿದರೆ ಸಾಕು.

ಸ್ಟ್ರೆಚರ್ ಅಣ್ಣ ಟೀ ತಂದಿಟ್ಟ. ನೋಡುತ್ತಾ ನಿಂತ.

"ಬಳಸದೆ ಇಟ್ಟು ಇಟ್ಟು ಹೀಗಾಗಿದೆ" ಅಂದೆ.

"ಅದು ಯಾವಾಗ ಹಿಡಿದಿತ್ತು ಅಕ್ಕ?" ಅಂದ. "ಅವಳು ಬಾಯಿ ಬಡ್ಕೊಂಡಳಲ್ಲ ಅವತ್ತೇ."

"ಯಾರು?"

"ಗುಬ್ಬಿನೇ." ನನ್ನ ಮುಖ ನೋಡಿದ. "ನಿಮಗೆ ಗೊತ್ತು ಅಂದ್ಕೊಂಡಿದ್ದೆ."

"ಹೇಳು."

"ಬೇಡ ಬಿಡಿ ಅಕ್ಕ. ಟೀ ಆರುತ್ತೆ."

"ಅಣ್ಣ. ಹೇಳು."

ಬಾಗಿಲು ನೋಡಿ ಬಂದು ಹೇಳಿದ. ಅವನು ಹೇಳಿದ ಹಾಗೇ ಬರೆದಿಡುತ್ತೇನೆ.

ಕಳೆದ ವರ್ಷ, ಒಂದು ಹೊಟ್ಟೆ ಆಪರೇಷನ್. ಶುರುವಾಗುವ ಮುಂಚೆಯೇ ಗುಬ್ಬಿ ಇದನ್ನು ಟ್ರೇಯಿಂದ ತೆಗೆದು ಪಕ್ಕಕ್ಕಿಟ್ಟಿದ್ದಳು. ಸರ್, ಇದರ ಹಲ್ಲು ಸವೆದಿದೆ, ಇದು ಬೇಡ ಅಂದಳಂತೆ. ದೊಡ್ಡ ಸರ್‌ಗೆ ಉದ್ದನೆಯದೇ ಬೇಕು. ಕೊಡು ಅಂದರು. ಬೇರೆ ತರಿಸ್ತೀನಿ ಸರ್ ಅಂದಳು. ಕೊಡೂ ಅಂದರು. ಕೊಟ್ಟಳು. ಒಳಗೆ ಹಿಡಿದಿದ್ದು ಜಾರಿತು. ರಕ್ತ ಅವರ ಕನ್ನಡಕಕ್ಕೇ ಹಾರಿತು. ರೋಗಿಗೆ ಏನೂ ಆಗಲಿಲ್ಲ, ಬೇರೆಯದು ಹಾಕಿ ನಿಲ್ಲಿಸಿದರು. ಆದರೆ ಎಲ್ಲರೆದುರು ಆಗಿಹೋಯಿತಲ್ಲ. ಇದನ್ನು ನೆಲಕ್ಕೆ ಎಸೆದರು.

"ಏನಂದರು?"

"ಅಕ್ಕ..."

"ಏನಂದರು?"

"ನಿನ್ನ ಹಾಗೇ ಇದೆ ಇದು. ಪುರ್ ಅಂತ ಹಾರೋದೊಂದು ಗೊತ್ತು, ಹಿಡಿಯೋದು ಗೊತ್ತಿಲ್ಲ. ಇದಕ್ಕೂ ಗುಬ್ಬಿ ಅಂತಲೇ ಹೆಸರಿಡ್ರಪ್ಪಾ ಅಂದರು."

ಕಂಡಮ್ ಮಾಡಲು ಬಿಡಲಿಲ್ಲವಂತೆ. ಹಸಿರು ಟೇಪು ಅವರೇ ಸುತ್ತಿದ್ದು. ಇದು ಇವಳ ಪಾಠಕ್ಕೆ, ದಿನಾ ಟ್ರೇಯಲ್ಲಿ ಇರಲಿ, ದಿನಾ ಇವಳೇ ಎಣಿಸಲಿ ಅಂದರಂತೆ. ಮಾರನೆಯ ದಿನದಿಂದ ಕೈ ತೊಳೆದು ಒಳಗೆ ಬರುವಾಗಲೇ, "ಏನು, ಎರಡು ಗುಬ್ಬಿನೂ ಬಂದಿದಾವಾ?" ಅನ್ನುತ್ತಿದ್ದರಂತೆ. ಎಲ್ಲರೂ ನಗುತ್ತಿದ್ದರು. ಎಣಿಕೆಯಲ್ಲಿ ಆ ಹೆಸರು ಬಂದಾಗ ಇನ್ನೊಮ್ಮೆ. ಅವಳು ಮುಟ್ಟಿ, ಇದೆ ಅನ್ನಬೇಕು.

"ಅವಳು?"

"ನಗ್ತಿದ್ದಳು ಅವಳೂ. ಇನ್ನೇನು ಮಾಡ್ತಾಳೆ."

"ನೀನೂ ನಕ್ಕೆಯಾ ಅಣ್ಣ?"

ಟೀ ಲೋಟದ ಅಂಚಿನಲ್ಲಿ ಬೆರಳಾಡಿಸಿದ.

"ಎಲ್ಲರೂ ನಗುವಾಗ... ಅಕ್ಕ, ದೊಡ್ಡ ಸರ್ ತಮಾಷೆ ಮಾಡಿದರೆ ನಗದೆ ಇರೋಕಾಗುತ್ತಾ?"

ಇಲ್ಲ. ಕಿಟಕಿಯ ಈಚೆ ನಾನೂ ನಕ್ಕಿದ್ದೆನಲ್ಲ.


ಮಾರ್ಚ್ 14

ಏನೂ ಬರೆಯಲು ಇಲ್ಲ.


ಮಾರ್ಚ್ 22, ಶುಕ್ರವಾರ

ಜ್ವರ ಅಂತ ಎರಡು ದಿನ ಮಲಗಿದ್ದೆ. ಜ್ವರ ಇರಲಿಲ್ಲ. ಅಮ್ಮ ಹಣೆ ಮುಟ್ಟಿ ಮುಟ್ಟಿ ನೋಡಿದಳು. ಒಬ್ಬಳನ್ನು ಹಾಗೇ ಕಳೆದುಕೊಂಡವಳು, ನಂಬಿದಳು. ಪಾಪ ಅನಿಸಿ ಎದ್ದೆ.

ಆ ಸಂಜೆಯನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದೇನೆ. ತುಂಬ ಹೊತ್ತು ಕೈ ತೊಳೆದಳಲ್ಲ. ಅಮ್ಮನ ಬೆನ್ನಿಗೆ ಕೈ ಒತ್ತಿ ನಿಂತಿದ್ದಳಲ್ಲ. ಅಂದರೆ ಅಮ್ಮನಿಗೆ ಅವಳ ಮುಖ ಕಾಣುತ್ತಿರಲಿಲ್ಲ. ನನಗೆ ಕಾಣುತ್ತಿತ್ತು. ಕಣ್ಣು ಕೆಂಪಗಿತ್ತು. ಸೋಪು ಹೋಗಿರಬೇಕು ಅಂದುಕೊಂಡಿದ್ದೆ.

ಅಮ್ಮ ಅವಳಿಗೆ ಚಿಕ್ಕಂದಿನಿಂದ ಒಂದೇ ಮಾತು ಹೇಳುತ್ತಿದ್ದಳು — ನಿನ್ನ ಕೈಯಲ್ಲಿ ಏನೂ ನಿಲ್ಲಲ್ಲ ಕಣೇ. ಲೋಟ ಬೀಳಿಸಿದರೆ ಅದೇ, ಪರೀಕ್ಷೆಯಲ್ಲಿ ಕಡಿಮೆ ಬಂದರೆ ಅದೇ. ಪ್ರೀತಿಗೇ ಹೇಳುತ್ತಿದ್ದದ್ದು. ಆಸ್ಪತ್ರೆಯಲ್ಲೂ ಅದೇ ಮಾತು ಬಿತ್ತು ಅಂತ ಅಮ್ಮನ ಮುಂದೆ ಹೇಗೆ ಹೇಳುತ್ತಾಳೆ. ಅದಕ್ಕೇ ಬಸ್ಸಿನಲ್ಲಿ ಬರುವಾಗ ಇನ್ನೊಂದು ಕಥೆ ಹೊಂದಿಸಿಕೊಂಡಳು. ಆ ಸತ್ತ ಡಾಕ್ಟರುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಕೊನೆಗೆ ತಾನು ನಿಂತಳು.

ಆ ಕ್ಲಾಸಿನ ಸರ್ ಹೇಳಿದ್ದು ನೆನಪಾಗುತ್ತಿದೆ. ಕಾದದ್ದನ್ನು ಬರೀ ಕೈಯಲ್ಲಿ ಹಿಡಿಯೋಕಾಗುತ್ತಾ ಅಂತ. ಅವಳು ಅದನ್ನು ಮನೆತನಕ ತಂದಳು. ನಮಗ್ಯಾರಿಗೂ ಬಿಸಿ ತಾಗಲಿಲ್ಲ.

ನನಗಾದರೂ ಹೇಳಬಹುದಿತ್ತು. ಒಂದು ಗೋಡೆಯ ಆಚೆ ಈಚೆ ಇದ್ದೆವು. ಕಿಟಕಿ ಬೇರೆ ಇತ್ತು.

ಅಮ್ಮ: "ಯಾವಾಗ ಬರೆಸ್ತಾರೆ? ಬರೆಸಿದ ಮೇಲೆ ಒಂದು ಸಲ ನಾನು ನೋಡಬೇಕು. ಕೇಳು ಅವರನ್ನ, ತೋರಿಸೋಕೆ ಬಿಡ್ತಾರಾ ಅಂತ."

"ಕೇಳ್ತೀನಿ."


ಮಾರ್ಚ್ 27

ಸಾಮಾನು ಮೆಷಿನ್ನಿಂದ ಬಂತು. ಎಲ್ಲದರ ಮೇಲೂ ಸಣ್ಣ ಕಪ್ಪಕ್ಷರ. ಗುಬ್ಬಿಯ ಮೇಲೂ ಬರೆದಿದೆ. ಹಸಿರು ಟೇಪು ತೆಗೆದಿದ್ದಾರೆ. ಟೇಪಿನ ಅಂಟು ಇನ್ನೂ ಬಳೆಯ ಮೇಲೆ ಇತ್ತು. ಸ್ಪಿರಿಟ್ಟಿನಲ್ಲಿ ಒರೆಸಿದೆ. ಹೋಯಿತು.

ಅಕ್ಷರ ಚೆನ್ನಾಗಿ ಬಂದಿದೆ. ಅದೇ ಸಂಕಟ. ಅಷ್ಟು ಚೆಂದ ಬರೆದಿದ್ದಾರೆ. ಬೆರಳಿಗೆ ತಾಗುವುದೂ ಇಲ್ಲ, ಅಷ್ಟು ನುಣುಪು.

ಗ್ಲೌಸಿನ ತುಂಡು ಕಚ್ಚಿಸಿ ಬಡಿದೆ. ಬಿಚ್ಚಿಕೊಂಡಿತು.

ಇನ್‌ಚಾರ್ಜ್ ಸಿಸ್ಟರಿಗೆ ತೋರಿಸಿದೆ. ಅವರು ಮುಖ ಗಂಟಿಕ್ಕಿದರು.

"ಇದು ಪರೀಕ್ಷೆಯಲ್ಲಿ ಪಾಸಾಗಿತ್ತಾ?"

"ಇಲ್ಲ ಸಿಸ್ಟರ್. ನಾನು ಟೇಪು ಹಾಕದೆ ಬಿಟ್ಟೆ."

"ಯಾಕೆ?"

ಒರೆಸಿದ ಬಳೆಯನ್ನೇ ಇನ್ನೊಮ್ಮೆ ಒರೆಸಿದೆ. ಅವರೇ ನಿಟ್ಟುಸಿರು ಬಿಟ್ಟರು. "ಇರಲಿ ಬಿಡಿ. ದೊಡ್ಡ ಸರ್ ಸ್ಪೆಷಲ್ಲಾಗಿ ಹೇಳಿ ಬರೆಸಿರೋದು. ಯಾರೂ ಬಳಸಲ್ಲವಂತೆ, ಸುಮ್ಮನೆ ಟ್ರೇಯಲ್ಲಿ ಇರುತ್ತೆ. ನಿಮ್ಮ ತಂಗಿ ನೆನಪಿಗೆ. ನಿಮಗೂ ಅದೇ ಬೇಕಿತ್ತಲ್ಲ?"

ಹೌದು, ಅದೇ ಬೇಕಿತ್ತು. ನಾನೇ ಹೋಗಿ ಬೇಡಿದ್ದು.


ಮಾರ್ಚ್ 28, ಗುರುವಾರ

ಇವತ್ತು ಮುಂಚೆ ಹೋದೆ. ಪ್ಯಾಕಿಂಗ್ ಮೇಜಿನಲ್ಲಿ ಯಾರೂ ಬಂದಿರಲಿಲ್ಲ. ಎರಡನೇ ಥಿಯೇಟರಿನ ಟ್ರೇ ತೆರೆದೇ ಇತ್ತು. ಗುಬ್ಬಿ ಬಲಗಡೆ ಕೊನೆಯಲ್ಲಿ.

ಎತ್ತಿಕೊಂಡು ಸುಮಾರು ಹೊತ್ತು ಕೂತೆ. ಇದು ಹೋದರೆ ಅವಳ ಹೆಸರು ಆ ಕೋಣೆಯಲ್ಲಿ ಇನ್ನು ಯಾರೂ ಕೂಗುವುದಿಲ್ಲ. ಹೊಸಬರಿಗೆ ನಗುವುದಕ್ಕೂ ಗೊತ್ತಿಲ್ಲ, ಅವರ ಬಾಯಲ್ಲಿ ಅದು ಬರೀ ಹೆಸರು. ಇಟ್ಟರೆ ಇಡಬಹುದು. ಯಾರಿಗೂ ನಷ್ಟವಿಲ್ಲ. ಅಮ್ಮ ದಿನಾ ಕೇಳುತ್ತಾಳೆ, ದಿನಾ ನಿಜವನ್ನೇ ಹೇಳಬಹುದು.

ಆದರೆ ಅವಳು ಇದನ್ನು ಟ್ರೇಯಿಂದ ತೆಗೆದಿಟ್ಟಿದ್ದಳು. ಇದು ಬೇಡ ಅಂದಿದ್ದಳು. ಆ ಕೋಣೆಯಲ್ಲಿ ಅವಳು ಆಡಿದ ಸರಿಯಾದ ಮಾತು ಅದು. ಅದೊಂದನ್ನು ಯಾರೂ ಕೇಳಲಿಲ್ಲ.

ಕೆಂಪು ಟೇಪು ಸುತ್ತಿದೆ. ಅಕ್ಷರದ ಮೇಲೇ. ಕಂಡಮ್ ಡಬ್ಬಕ್ಕೆ ಹಾಕಿದೆ. ಅದರ ಬಾಯಿ ಸಣ್ಣದು, ಬೀಗ ಇದೆ, ಒಳಗೆ ಬಿದ್ದದ್ದನ್ನು ವಾಪಸು ತೆಗೆಯಲಾಗದು. ಬಿದ್ದ ಸದ್ದು ಕೇಳಿತು.

ಹತ್ತು ಗಂಟೆಗೆ ಕಿಟಕಿಯಲ್ಲಿ ದೊಡ್ಡ ಸರ್ ಮುಖ. ಮಾಸ್ಕು ಕುತ್ತಿಗೆಗೆ ಇಳಿದಿತ್ತು. ಆ ಕಿಟಕಿಗೆ ಅವರು ಬಂದದ್ದನ್ನು ಯಾರೂ ನೋಡಿರಲಿಲ್ಲ. ಪಕ್ಕದ ಸಿಂಕಿನವಳು ಕೈಯಲ್ಲಿದ್ದುದನ್ನು ನೀರಿಗೆ ಬಿಟ್ಟಳು.

"ಟ್ರೇಯಲ್ಲಿ ಗುಬ್ಬಿ ಇಲ್ಲ. ಯಾಕಮ್ಮ ತೆಗೆದ್ರಿ? ನೀವೇ ಕೇಳಿದ್ದಲ್ವಾ?"

"ಅದು ಹಿಡಿಯಲ್ಲ ಸರ್."

"ಹಿಡಿಯೋದು ಬೇಡ. ಸುಮ್ಮನೆ ಇರಲಿ ಅಂತ ತಾನೇ ಹಾಕಿಸಿದ್ದು."

"ಅವಳು ಅವತ್ತೇ ಹೇಳಿದ್ದಳಂತೆ ಸರ್. ಹಲ್ಲು ಸವೆದಿದೆ ಅಂತ."

ನೀರು ಹರಿಯುತ್ತಿತ್ತು. ನಿಲ್ಲಿಸಲಿಲ್ಲ ನಾನು.

"ಅದು..." ಅಂದರು. ದನಿ ತಗ್ಗಿತು. "ತಮಾಷೆಗೆ ಹೇಳಿದ್ದಮ್ಮ. ಮನಸ್ಸಿನಲ್ಲಿ ಏನೂ ಇರಲಿಲ್ಲ. ಅವಳೂ ನಗ್ತಿದ್ದಳು."

"ಹೌದು ಸರ್. ಮನೇಲೂ ನಗ್ತಿದ್ದಳು."

ಒಳಗಿಂದ ಯಾರೋ ಸರ್ ಅಂದರು. ಮಾಸ್ಕು ಏರಿಸಿಕೊಂಡು ಹೋದರು. ಬಾಯಿ ಮುಚ್ಚಿದ ಮೇಲೆ ಕಣ್ಣು ಮಾತ್ರ ಕಂಡಿತು. ಮುದುಕರ ಕಣ್ಣು. ಅಯ್ಯೋ ಅನಿಸಬೇಕಿತ್ತೇನೋ. ಅನಿಸಲಿಲ್ಲ. ಅನಿಸದಿದ್ದದ್ದಕ್ಕೆ ಬೇಜಾರೂ ಆಗಲಿಲ್ಲ.

ಆಮೇಲೆ ಎಣಿಕೆ ಶುರುವಾಯಿತು.

"ಆಲಿಸ್ ಆರು."

"ಇದೆ."

"ಬ್ಯಾಬ್‌ಕಾಕ್ ನಾಲ್ಕು."

"ಇದೆ."

ಸ್ವಲ್ಪ ತಡೆದಳು ಆ ಹುಡುಗಿ. ಬಾಯಿಗೆ ರೂಢಿಯಾಗಿತ್ತಲ್ಲ.

"ಕತ್ತರಿ ಎರಡು."

"ಇದೆ."

ಮಧ್ಯಾಹ್ನ ಸ್ಟ್ರೆಚರ್ ಅಣ್ಣ ಟೀ ತಂದು ಪಕ್ಕದಲ್ಲಿಟ್ಟ. ಇವತ್ತು ಜೋಕು ಹೇಳಲಿಲ್ಲ. "ಸಕ್ಕರೆ ಜಾಸ್ತಿ ಹಾಕ್ಸಿದೀನಿ ಅಕ್ಕ" ಅಂದ. ಹೋದ. ಕುಡಿಯಲಾಗಲಿಲ್ಲ, ಸಿಂಕಿಗೆ ಸುರಿದೆ. ಅವನು ನೋಡಿದನೋ ಏನೋ.


ಮಾರ್ಚ್ 28, ಸಂಜೆ

ಬಸ್ಸಿನಲ್ಲಿ ಬರುತ್ತಾ ಅಮ್ಮನಿಗೆ ಎಲ್ಲ ಹೇಳಿಬಿಡುವುದು ಅಂತ ತೀರ್ಮಾನ ಮಾಡಿದ್ದೆ. ಯಾವ ಮಾತು ಮೊದಲು, ಯಾವುದು ಆಮೇಲೆ ಅಂತ ಹೊಂದಿಸಿಕೊಂಡಿದ್ದೆ. ಹೆಸರು ಯಾಕೆ ಬಂತು, ಯಾರು ಇಟ್ಟರು, ಯಾಕೆ ತೆಗೆದೆ.

ಇಸ್ತ್ರಿ ಅಂಗಡಿಯ ಮುಂದೆಯೇ ಅಮ್ಮ ಸಿಕ್ಕಿದಳು. ಅಂಗಡಿಯವನಿಗೆ ಹೇಳುತ್ತಿದ್ದಳು. "ಈಗ ಉಕ್ಕಿನ ಮೇಲೇ ಬರೆಸಿದಾರಪ್ಪ. ಉಜ್ಜಿದರೂ ಹೋಗಲ್ಲವಂತೆ." ಅವನು ಇಸ್ತ್ರಿ ಪೆಟ್ಟಿಗೆ ಎತ್ತಿ ಪಕ್ಕಕ್ಕಿಟ್ಟು ಕೇಳುತ್ತಿದ್ದ. ನನ್ನನ್ನು ನೋಡಿ ಅಮ್ಮ ಹತ್ತಿರ ಬಂದಳು. ನನ್ನ ಕೈಚೀಲ ತಾನು ತೆಗೆದುಕೊಂಡಳು. ಎಂದೂ ತೆಗೆದುಕೊಳ್ಳುವವಳಲ್ಲ.

"ಇವತ್ತು ಕರೆದರಾ?"

ಅವನೂ ನನ್ನ ಮುಖವನ್ನೇ ನೋಡುತ್ತಿದ್ದ.

"ಕರೆದರು."

"ಇದೆ ಅಂದರಾ?"

"ಅಂದರು ಅಮ್ಮ."

ಎಷ್ಟು ಸಲೀಸಾಗಿ ಬಂತು. ಕೈ ಸುಡಲೇ ಇಲ್ಲ. ಒಳಗೆ ಬಂದು ಕೈ ತೊಳೆಯಲು ನಿಂತೆ. ತುಂಬ ಹೊತ್ತು ನಿಂತಿದ್ದೆ ಅಂತ ಕಾಣುತ್ತದೆ. ಅಡುಗೆಮನೆಯಿಂದ ಅಮ್ಮ, "ಚರ್ಮ ಕಿತ್ತು ಬರುತ್ತೆ ಕಣೇ, ಸಾಕು" ಅಂದಳು. ಅವಳು ಬಾಗಿಲಿಗೆ ಬಂದು ನನ್ನ ಕೈ ನೋಡಿದಳು. ನನ್ನ ಮುಖ ನೋಡಿದಳು. ಆ ಸಂಜೆ ನೆನಪಾದವಳ ಹಾಗೆ ನಲ್ಲಿ ನಿಲ್ಲಿಸಿ, ನನ್ನ ಕೈಯನ್ನು ತನ್ನ ಸೆರಗಿನಲ್ಲಿ ಒರೆಸಿದಳು.